ಅತ್ತೆಯವರ ವಾಕಿಂಗೂ ಅಮೆರಿಕದ ಗಡಿಯಾರವೂ

ವರ್ಷಕ್ಕೆ ಎರಡು ಸಲ ನನಗೆ ಪಾಠ ಹೇಳುವ ಚಪಲ ಹತ್ತುತ್ತದೆ. ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಮಾರ್ಚಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವಾಗ ಒಮ್ಮೆ, ನವೆಂಬರಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಇನ್ನೊಮ್ಮೆ. ನಾನು ಬಾಯಿ ತೆರೆದೊಡನೆ ಹೆಂಡತಿ ಮಿಕ್ಸಿ ಹಾಕಿಬಿಡುತ್ತಾಳೆ. ಈ ಮಾರ್ಚಿನಲ್ಲಿ ಧಾರವಾಡದಿಂದ ಅತ್ತೆ ಬಂದಿದ್ದರು. ಅಳಿಯ ಮಾತಾಡುವಾಗ ಎದ್ದುಹೋಗುವವರಲ್ಲ ಅವರು.

ಸಂಜೆಯ ಬೆಳಕು ಹೆಚ್ಚು ಸಿಗಲಿ, ಇಂಧನ ಉಳಿಯಲಿ ಎಂದು ಯುದ್ಧಕಾಲದಲ್ಲಿ ಜಾರಿಗೆ ಬಂದ ಏರ್ಪಾಡಿದು, ಹೆಸರು 'ಡೇಲೈಟ್ ಸೇವಿಂಗ್', ಅಂದರೆ ಬೆಳಕಿನ ಉಳಿತಾಯ. ರೈತರಿಗಾಗಿ ಮಾಡಿದ್ದೆಂಬುದು ಸುಳ್ಳು. ಹಸುಗಳು ಗಡಿಯಾರ ನೋಡುವುದಿಲ್ಲವಾದ್ದರಿಂದ ರೈತರೇ ಬೇಡವೆಂದಿದ್ದರು ಎಂದೆಲ್ಲ ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, "ಉಳಿಸಿದ ಬೆಳಕು ಎಲ್ಲಿ ಇಡ್ತಾರ್ರೀ?" ಎಂದರು. ನಾನು ಚಹಾ ಕುಡಿದೆ.

ನಾವಿರುವ ಸ್ಯಾನ್ ಹೊಸೆಯಲ್ಲಿ ಅತ್ತೆಗಿದ್ದದ್ದು ಒಬ್ಬರೇ ಗೆಳತಿ, ಆಚೆ ಬೀದಿಯ ಚೀನೀ ಅಜ್ಜಿ. ಇವರಿಗೆ ಚೀನೀ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರಿಗೂ ಇಂಗ್ಲಿಷ್ ಬಾರದು. ಆದರೂ ದಿನಾ ಬೆಳಿಗ್ಗೆ ಎಂಟಕ್ಕೆ ಪಾರ್ಕಿನಲ್ಲಿ ಸೇರಿ ಮೂರು ಸುತ್ತು ನಡೆದು, ಮೊಮ್ಮಕ್ಕಳ ಫೋಟೊ ತೋರಿಸಿಕೊಂಡು ಬರುತ್ತಿದ್ದರು.

ಗಡಿಯಾರ ಬದಲಾದ ಭಾನುವಾರ ಅತ್ತೆ ಹೊಸ ಎಂಟಕ್ಕೆ ಹೋದರು. ಗೆಳತಿ ಬಂದಿರಲಿಲ್ಲ.

"ಅವರು ಹಳೇ ಎಂಟಕ್ಕೇ ಬರ್ತಾರೆ ಅತ್ತೆ, ಅಂದ್ರೆ ಈಗಿನ ಒಂಬತ್ತು. ನಾಳೆ ಒಂಬತ್ತಕ್ಕೆ ಹೋಗಿ," ಎಂದು ಸಲಹೆ ಕೊಟ್ಟೆ.

ಸೋಮವಾರ ಒಂಬತ್ತಕ್ಕೂ ಬೆಂಚು ಖಾಲಿ. ಅತ್ತೆ ಬಂದು ಕಿಟಕಿಯ ಬಳಿ ಕೂತರು. "ಆಕಿಗೆ ಆರಾಮ ಇಲ್ಲೇನೋ. ಮನಿ ಯಾವುದಂತನೂ ಗೊತ್ತಿಲ್ಲ. ಮುಂದಿನ ವಾರ ಊರಿಗೆ ಹೊಂಟೀನಿ, ಹೇಳದ ಹ್ಯಾಂಗ ಹೋಗ್ಲಿ?" ಎಂದರು. ನನ್ನ ಪಾಂಡಿತ್ಯ ಅಲ್ಲಿಗೆ ಇಳಿಯಿತು.

ಮಂಗಳವಾರ ಏಳೂವರೆಗೇ ಅವರು ಮನೆ ಬಿಟ್ಟಿದ್ದರು. ಮೀಟಿಂಗು ಮುಗಿಸಿ ಒಂಬತ್ತಕ್ಕೆ ನಾನೂ ಪಾರ್ಕಿಗೆ ಓಡಿದೆ. ಬೆಂಚಿನ ಮೇಲೆ ಇಬ್ಬರೂ ಕೈ ಕೈ ಹಿಡಿದು ಕೂತಿದ್ದರು. ತಾಯಿಯನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದ ಆ ಅಜ್ಜಿಯ ಮಗ ಸಂಕೋಚದಿಂದ ನಡೆದದ್ದು ಹೇಳಿದ. ಭಾನುವಾರ ಅವನ ತಾಯಿ ಒಂಬತ್ತಕ್ಕೆ ಬಂದಿದ್ದರಂತೆ. ಅವನೇ ಹೊಸ ಸಮಯದ ಪಾಠ ಹೇಳಿ, ಸೋಮವಾರ ಎಂಟಕ್ಕೆ ಕಳಿಸಿದನಂತೆ. ನಾವಿಬ್ಬರೂ ಒಂದೇ ಗುರುಕುಲದವರೆಂದು ಗೊತ್ತಾಯಿತು. ಈ ದಿನ ಆಕೆ ಮಗನನ್ನು ಕೇಳದೆಯೇ, ತಮಗೆ ತೋಚಿದ ಹೊತ್ತಿಗೆ ಹೊರಟು ಬಂದಿದ್ದರು.

"ಎಷ್ಟು ಹೊತ್ತು ಕಾದ್ರಿ ಅತ್ತೆ?" ಎಂದೆ.

"ಕಾಯೂದೇನ್ರೀ," ಎಂದರು ಅತ್ತೆ, ಗೆಳತಿಯ ಕೈ ಬಿಡದೆ. "ಆಕಿ ಬರೂತನಕ ಕೂತಿದ್ದೆ, ಅಷ್ಟ."