ಬಾರಿಕೊಪ್ಪದ ಕಲ್ಲು

ನಾನು ಚಿಕ್ಕವನಿದ್ದಾಗ ನನಗೆ ಊರೇ ಇರಲಿಲ್ಲ. ನಗಬೇಡಿ, ನಿಜವಾಗಿಯೂ ಇರಲಿಲ್ಲ. ನಾನು ಹುಟ್ಟುವ ಮೊದಲೇ ನಮ್ಮ ಬಾರಿಕೊಪ್ಪ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿತ್ತು. ನಮ್ಮವರೆಲ್ಲ ಎತ್ತರದ ಜಾಗಕ್ಕೆ ಬಂದು, ಹುಲಿಗಿಗೆ ಹೋಗುವ ರಸ್ತೆಯ ಬದಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಸುತ್ತಲಿನವರಿಗೆ ನಾವು ಬರೀ 'ಮುಳುಗಡೆಯವರು'. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಆದರೆ ನಮ್ಮಲ್ಲೊಂದು ಕಲ್ಲಿತ್ತು. ನಿಜಾಮರ ಕಾಲದಲ್ಲಿ ಹಳೆಯ ಊರಿನ ಅಗಸಿ ಬಾಗಿಲ ಮುಂದೆ ನೆಟ್ಟಿದ್ದ ಕಲ್ಲು ಅದು. ಒಂದು ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಪ್ಪ ಮತ್ತು ಓಣಿಯವರು ಅದನ್ನು ಕೆಸರಿನಿಂದ ಕಿತ್ತು, ಚಕ್ಕಡಿಯಲ್ಲಿ ಹೇರಿ ತಂದು ರಸ್ತೆ ಬದಿಗೆ ನೆಟ್ಟರು. ಮೇಲೆ ಕನ್ನಡದಲ್ಲಿ, ಕೆಳಗೆ ಉರ್ದುವಿನಲ್ಲಿ ಬಾರಿಕೊಪ್ಪ ಎಂದು ಕೆತ್ತಿತ್ತು. ಮೂಗು ಹತ್ತಿರ ಒಯ್ದರೆ ಹೊಳೆಯ ಕೆಸರಿನ ವಾಸನೆ. ನಾನು ದಿನಾ ಸಾಲೆಗೆ ಹೋಗುವಾಗ ಅದನ್ನು ಮೂಸಿಯೇ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ರಸ್ತೆ ಅಗಲ ಮಾಡುವವರು ಬಂದರು. ಕಾದ ಡಾಂಬರಿನ ಘಾಟು ಮನೆಯೊಳಗೆಲ್ಲ ತುಂಬಿತು. ಇಂಥ ಊರು ಎಲ್ಲೂ ಇಲ್ಲ, ಕಲ್ಲನ್ನು ಒಡೆದು ಪಕ್ಕದೂರಿನ ಹೆಸರಿನ ಹೊಸ ಕಲ್ಲು ನೆಡುತ್ತೇವೆ ಎಂದ ಅವರ ಮೇಸ್ತ್ರಿ. ಅಪ್ಪನ ಮುಖ ಇಳಿದುಹೋಯಿತು. ಊರಂತೂ ನೀರುಪಾಲಾಗಿತ್ತು, ಹೆಸರೂ ಹೋಗುವುದರಲ್ಲಿತ್ತು.

ಅಜ್ಜಿ ಉಪಾಯ ಹೂಡಿದಳು. ಕಲ್ಲಿಗೆ ಕುಂಕುಮ ಬಳಿದು ಕಾಯಿ ಒಡೆದರೆ ದೇವರೆಂದು ಯಾರೂ ಮುಟ್ಟುವುದಿಲ್ಲ ಎಂದಳು. ಓಣಿಯ ಹಿರಿಯರೂ ಹೂಂ ಎಂದರು. ಅಜ್ಜಿ ಕುಂಕುಮದ ಭರಣಿ ತಂದೇಬಿಟ್ಟಳು. ಆಗ ಅಕ್ಕ ಅಡ್ಡ ನಿಂತಳು.

"ದೇವ್ರು ಮಾಡಬ್ಯಾಡ್ರಿ. ಕುಂಕುಮ ಮೆತ್ತಿದ್ರ ಹೆಸರು ಮುಚ್ಚಿ ಹೋಗತೈತಿ. ಚಾಚಾನ ಊರೂ ಇದ ಐತಿ. ಊರು ಅಂತನ ಉಳೀಲಿ."

ಚಾಚಾ ಎಂದರೆ ನಮ್ಮ ಪಕ್ಕದ ಮನೆಯವನು, ಆ ಉರ್ದು ಅಕ್ಷರ ಓದಬಲ್ಲವನು ನಮ್ಮಲ್ಲಿ ಅವನೊಬ್ಬನೇ. ಅಕ್ಕ ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳಿನಿಂದ ಕನ್ನಡದ ಅಕ್ಷರಗಳಿಗೆ ತುಂಬಿದಳು. ಉರ್ದುವಿಗೆ ಚಾಚಾ ತುಂಬಿದ. ಹೆಸರು ಬೆಳ್ಳಗೆ ಎದ್ದು ಕಂಡಿತು.

ಮೇಸ್ತ್ರಿ ದೊಡ್ಡ ಸುತ್ತಿಗೆ ಹಿಡಿದು ಬಂದ. ಅಕ್ಕ ಕದಲಲಿಲ್ಲ.

"ಮೊದಲ ಇದನ್ನ ಗಟ್ಟಿಯಾಗಿ ಓದ್ರಿ. ಆಮ್ಯಾಲ ಒಡೀರಿ," ಎಂದಳು.

ಹುಡುಗಿಯ ಹಟ ನೋಡಿ ಅವನಿಗೆ ನಗು ಬಂತು. "ಬಾರಿಕೊಪ್ಪ" ಎಂದು ಓದಿದ. ಸಾಲೆಯಲ್ಲಿ ಮಾಸ್ತರು ಹೆಸರು ಕೂಗಿದಾಗ ಹೇಳುವ ರೂಢಿಯಲ್ಲಿ ನನ್ನ ಬಾಯಿಂದ "ಹಾಜರ್ರಿ" ಎಂದು ಬಂದುಬಿಟ್ಟಿತು. ಯಾರೂ ನಗಲಿಲ್ಲ. ಅಪ್ಪ ಮುಂದೆ ಬಂದು "ಹಾಜರ್" ಎಂದ. ಚಾಚಾನೂ ಎಂದ, ಅಜ್ಜಿಯೂ ಎಂದಳು, ಓಣಿಗೆ ಓಣಿಯೇ ಎಂದಿತು. ಇಲ್ಲದ ಊರಿಗೆ ಇಷ್ಟೊಂದು ಜನ ಎಲ್ಲಿಂದ ಬಂದರೋ, ಹೇಳಲಿ ನೋಡೋಣ!

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ರಸ್ತೆಯ ಅಂಚಿಗೆ ಕಟ್ಟಿದ್ದ ದಾರವನ್ನು ಒಂದು ಮೊಳ ಆಚೆ ಸರಿಸಲು ಆಳುಗಳಿಗೆ ಹೇಳಿದ. ಇವತ್ತಿಗೂ ಅಲ್ಲಿ ರಸ್ತೆ ತುಸು ಬಾಗಿದೆ.

ನಿಮಗೀಗ ಊರು ಹುಡುಕಲು ಕಲ್ಲು ಬೇಕಿಲ್ಲ, ಕೈಯಲ್ಲೇ ಫೋನಿದೆ. ಮೊನ್ನೆ ಮೊಮ್ಮಗಳು ಅದರ ನಕ್ಷೆಯಲ್ಲಿ ಹುಡುಕಿ, "ಅಜ್ಜಾ, ಇಲ್ಲಿ ಬರೇ ನೀರೈತಿ" ಎಂದಳು. ಇರಲಿ ಬಿಡಿ. ನಾಳೆ ಯಾರಾದರೂ ನಿಮ್ಮ ಅಜ್ಜನ ಊರು ಯಾವುದೆಂದು ಕೇಳಿದರೆ, ಮಕ್ಕಳೇ, ಹೆದರದೆ ಆ ನೀಲಿಯ ಮೇಲೆ ಬೆರಳಿಟ್ಟು ತೋರಿಸಿ.