ಪಕ್ಕದಲ್ಲಿ ಓಡಿದವನು

ಹೋದ ಶನಿವಾರ ಮನೆಯ ನೀರಿನ ಮೋಟರ್ ಸುಟ್ಟುಹೋಯಿತು. ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ರಾಮನಗರದ ಒಂದು ವೈಂಡಿಂಗ್ ಅಂಗಡಿಗೆ ಒಯ್ದೆ. ಒಳಗೆ ಹೊಸದಾಗಿ ಸುತ್ತಿದ ತಾಮ್ರದ ತಂತಿಗೆ ವಾರ್ನಿಷ್ ಹಾಕಿ, ಬಲ್ಬಿನ ಕೆಳಗೆ ಒಣಗಲು ಇಟ್ಟಿದ್ದರು. ಆ ಘಾಟು ಮೂಗಿಗೆ ಬಡಿಯುತ್ತಲೇ ಮೋಟರ್ ಅಣ್ಣ ಕಣ್ಣೆದುರು ಬಂದು ನಿಂತ. ಅವನ ಮುಖಕ್ಕಿಂತ ಮೊದಲು ಬಂದದ್ದು ಅವನ ಮೇಲೆ ನನಗಿದ್ದ ಹಳೆಯ ಅನುಮಾನ…

ಅವನು ಕೈಲಾಂಚದ ಸುತ್ತಮುತ್ತ ತೋಟಗಳ ಪಂಪು ರಿಪೇರಿ ಮಾಡುತ್ತಿದ್ದ. ಮನೆ ದೊಡ್ಡಮಳೂರು. ದಿನಾ ಸೈಕಲ್ಲಿನಲ್ಲೇ ಬಂದು ಹೋಗುತ್ತಿದ್ದ. ತೆರೆದ ಬಾವಿಗಳಲ್ಲಿ ಮೋಟರಿನ ಬುಡಕ್ಕೆ ಮುಳುಗಿ ಮುಳುಗಿ ಈಜು ಅವನಿಗೆ ನಡಿಗೆಯಷ್ಟೇ ಸಲೀಸಾಗಿತ್ತು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀರಿ, ಮೈ ಬಗ್ಗಿಸಿ ಎಂದು ಡಾಕ್ಟರು ಹೇಳಿದ್ದರಿಂದ ನಲವತ್ತಮೂರನೇ ವಯಸ್ಸಿನಲ್ಲಿ ಈಜು ಕಲಿಯಲು ಅವನ ಹತ್ತಿರ ಹೋದೆ. ನನಗಿಂತ ಎಂಟು ವರ್ಷ ದೊಡ್ಡವನಾದರೂ ಅವನು ನನ್ನನ್ನು 'ಮೇಷ್ಟ್ರೇ, ಬನ್ನಿ' ಎನ್ನುತ್ತಿದ್ದ. ನಾನು 'ಅಣ್ಣ, ಬಾ' ಎನ್ನುತ್ತಿದ್ದೆ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಆಗ ನನಗೆ ಹೊಳೆದಿರಲೇ ಇಲ್ಲ.

ಈಜು ಬಂತು. ಆಮೇಲೆ ಸೈಕಲ್, ಆಮೇಲೆ ಓಟ. ಎರಡು ವರ್ಷದಲ್ಲಿ ನಮ್ಮಿಬ್ಬರಿಗೂ ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಎರಡು ಕಿಲೋಮೀಟರ್ ಈಜು, ಮೈ ಒರೆಸಿಕೊಳ್ಳುವಷ್ಟರಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್, ಅದರಿಂದ ಇಳಿದರೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಆ ವರ್ಷ ಒಂದೇ ತಂಡದವರು ಎರಡು ಸ್ಪರ್ಧೆ ಇಟ್ಟಿದ್ದರು. ಒಂದು ಮಾಗಡಿ ಕಡೆ, ಅದರ ಮುಂದಿನ ಭಾನುವಾರವೇ ಇನ್ನೊಂದು ಮರಳವಾಡಿಯ ಆಚೆ. ಒಂದು ಸಾಕು ಅಂದೆ ನಾನು. "ಎರಡೂ ಮಾಡಾನ ಮೇಷ್ಟ್ರೇ. ಮೊದಲ್ನೇದ್ರಲ್ಲಿ ಮೈ ಓಡ್ತದೆ. ಎರಡನೇದ್ರಲ್ಲಿ ನಾವ್ ಓಡ್ಬೇಕು, ಅದೇ ಮಜಾ," ಎಂದ.

ನಾನು ಹುಟ್ಟಾ ಅನುಮಾನದವನು. ಅಂಗಡಿಯವನು ತೂಗಿ ಕೊಟ್ಟ ತರಕಾರಿಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತೇನೆ. ಉತ್ತರಪತ್ರಿಕೆ ತಿದ್ದುವಾಗ ಚೆನ್ನಾಗಿ ಬರೆದದ್ದು ಕಂಡರೆ ಮೊದಲು ಪಕ್ಕದ ರಿಜಿಸ್ಟರ್ ನಂಬರಿನ ಪತ್ರಿಕೆ ಹುಡುಕುತ್ತೇನೆ. ಹಾಗಾಗಿ ಐವತ್ತು ದಾಟಿದ ಮನುಷ್ಯ ಎರಡು ವಾರ ಸಾಲಾಗಿ ಇಷ್ಟು ದೂರ ಹೋಗುತ್ತೇನೆ ಎಂದಾಗ, ಇವನು ಏನಾದರೂ ಮಾತ್ರೆ ನುಂಗುತ್ತಿದ್ದಾನೆಯೇ ಎಂಬ ಯೋಚನೆಯೂ ಬಂದು ಹೋಯಿತು. ಅವನ ಬ್ಯಾಗಿನಲ್ಲಿದ್ದದ್ದು ಕಡಲೆಮಿಠಾಯಿ.

ಮಾಗಡಿ ಕಡೆಯ ಸ್ಪರ್ಧೆಯಲ್ಲಿ ಈಜಿನಲ್ಲಿ ಅವನು ಮುಂದೆ, ಸೈಕಲ್ಲಿನಲ್ಲಿ ನಾನು ಮುಂದೆ. ಓಟಕ್ಕೆ ಏಳು ಕಿಲೋಮೀಟರಿನ ಮೂರು ಸುತ್ತು. ಒಂದೇ ರಸ್ತೆಯಲ್ಲಿ ಹೋಗಿ ತಿರುಗಿ ಬರಬೇಕು. ತಿರುವಿನಲ್ಲಿ ನಿಂತವರು ಪ್ರತಿ ಸುತ್ತಿಗೂ ಕೈಗೆ ಒಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೊದಲ ಸುತ್ತಿನಲ್ಲಿ ಅವನು ನನಗೆ ಎದುರಾದ, ತುಂಬಾ ಹಿಂದಿದ್ದ. ಎರಡನೆಯದರಲ್ಲಿ ಎದುರಾಗಲೇ ಇಲ್ಲ. ನಾನು ಮೂರನೇ ಸುತ್ತು ಮುಗಿಸಿ, ಕಣ್ಣು ಕತ್ತಲೆ ಬರುವ ಹಾಗಾಗಿ ಗೆರೆ ದಾಟಿದಾಗ, ಅವನು ಕೊರಳಲ್ಲಿ ಮೆಡಲ್ ಹಾಕಿಕೊಂಡು ಹುಲ್ಲಿನ ಮೇಲೆ ಕೂತಿದ್ದ.

"ಯಾವಾಗ ನನ್ನ ದಾಟಿ ಬಂದೆ ಅಣ್ಣ?" ಎಂದೆ.

"ನೀರ್ ಕುಡೀರಿ ಮೊದ್ಲು," ಎಂದ.

ಅದು ಉತ್ತರವಲ್ಲ. ಅವನ ಕೈ ನೋಡಿದೆ. ತುಂಬುತೋಳಿನ ಅಂಗಿಯನ್ನು ಮಣಿಕಟ್ಟಿನ ತನಕ ಎಳೆದುಕೊಂಡಿದ್ದ. ವಾಪಸು ಬರುವಾಗ ಲಗೇಜ್ ಆಟೊದಲ್ಲಿ ಸೈಕಲ್ಲುಗಳ ನಡುವೆ ಕೂತು, ರಸ್ತೆಯ ಹಳ್ಳಗಳಲ್ಲಿ ಆಟೊ ಕುಣಿದಾಗಲೆಲ್ಲ ಆ ತೋಳು ಸರಿಯುತ್ತದೆಯೇ ಎಂದು ಕಾಯುತ್ತಿದ್ದೆ. ಸರಿಯಲಿಲ್ಲ. ಅವನು ಒಂದು ಮಾತೂ ಆಡಲಿಲ್ಲ. ಕಳ್ಳತನ ಇಲ್ಲದಿದ್ದರೆ ಇಷ್ಟು ಮೌನ ಯಾಕೆ?

ಮರುದಿನ ಕಾಲೇಜಿನ ಮೆಟ್ಟಿಲನ್ನು ಪಕ್ಕದ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದೆ, ತೊಡೆಗಳು ಹಾಗಿದ್ದವು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದಾಗ ಸ್ಪರ್ಧೆ ನಡೆಸುವವರಿಗೆ ಒಂದು ದೂರು ಬರೆದು ಮೇಲ್ ಮಾಡಿದೆ. ಹೆಸರು ಹಾಕಲಿಲ್ಲ, ಮೇಲ್ ಐಡಿಯೂ ಅದಕ್ಕೆಂದೇ ಸುಳ್ಳು ಹೆಸರಿನಲ್ಲಿ ಮಾಡಿಕೊಂಡದ್ದು. 'ಸದರಿ ಸ್ಪರ್ಧಿಯು ಮೂರು ಸುತ್ತುಗಳನ್ನು ಪೂರೈಸಿರುವುದು ಸಂಶಯಾಸ್ಪದವಾಗಿದ್ದು, ಪ್ರಾಮಾಣಿಕರಿಗೆ ಅನ್ಯಾಯವಾಗದಂತೆ ಪರಿಶೀಲಿಸಲು ಕೋರಿದೆ' ಎಂದು ಮುಗಿಸಿದೆ. ಅವನ ವಯಸ್ಸಿನ ಗುಂಪು ಬೇರೆ, ನನ್ನದು ಬೇರೆ. ಅವನಿಂದ ನನಗೆ ಕೂದಲಷ್ಟೂ ಅನ್ಯಾಯವಾಗಿರಲಿಲ್ಲ. ಆದರೂ ಬರೆದೆ. ನನಗೆ ಕೈಕಾಲು ಆಡಿಸಲು ಕಲಿಸಿದವನು ನನಗಿಂತ ಮುಂದೆ ಕೂತಿದ್ದದ್ದು ಸಹಿಸಲಾಗಲಿಲ್ಲ ಎಂದು ಈಗ ಅನಿಸುತ್ತದೆ…

ಮಂಗಳವಾರ ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಮೊದಲು ಖುಷಿಯಾಯಿತು, ಸಂಜೆಯ ಹೊತ್ತಿಗೆ ಭಯ.

ಮುಂದಿನ ಭಾನುವಾರ ಅವನು ಬರಲಾರ ಎಂದುಕೊಂಡಿದ್ದೆ. ಬೆಳಕು ಹರಿಯುವ ಮೊದಲೇ ಬಂದು ಕೆರೆಯ ದಂಡೆಯಲ್ಲಿ ಸೈಕಲ್ಲಿನ ಗಾಳಿ ನೋಡುತ್ತಿದ್ದ. ಈ ಸಲ ನಾನು ಗಡಿಯಾರವನ್ನೇ ಮರೆತೆ. ನನಗಿದ್ದದ್ದು ಒಂದೇ ಕೆಲಸ, ಅವನನ್ನು ಕಾವಲು ಕಾಯುವುದು. ನೀರಿನಲ್ಲಿ ಅವನ ಕೆಂಪು ಟೋಪಿ ಹುಡುಕುತ್ತ ಈಜಿದೆ. ಸೈಕಲ್ಲಿನಲ್ಲಿ, ಮುಂದೆ ಹೋಗಲು ಆಗುವಾಗಲೂ ಹಿಂದೆಯೇ ಉಳಿದೆ. ವಾರದ ಹಿಂದಿನ ದಣಿವು ಇಬ್ಬರ ಕಾಲಲ್ಲೂ ಹಾಗೇ ಕೂತಿತ್ತು. ಓಟ ಶುರುವಾದಾಗ ನನ್ನ ಮೀನಖಂಡ ಕಲ್ಲಾಗಿತ್ತು. ಅವನು ಎಡಗಾಲು ಎಳೆದು ಹಾಕುತ್ತಿದ್ದ. ಎರಡೂ ಬದಿ ಹಿಪ್ಪುನೇರಳೆ ತೋಟ, ಬಿಸಿಲು ನೆತ್ತಿಗೆ. ಇಪ್ಪತ್ತು ಹೆಜ್ಜೆ ಹಿಂದೆ ನಾನು, ಕಳ್ಳನನ್ನು ಹಿಂಬಾಲಿಸುವ ಪೊಲೀಸಿನ ಹಾಗೆ. ಅವನು ನಿಂತರೆ ನಾನೂ ನಿಂತು ಶೂ ದಾರ ಕಟ್ಟಿಕೊಳ್ಳುವ ನಟನೆ ಮಾಡುತ್ತಿದ್ದೆ.

ಎರಡನೇ ಸುತ್ತಿನಲ್ಲಿ ಅವನು ನಿಂತು ಹಿಂದಕ್ಕೆ ತಿರುಗಿದ.

"ಯಾಕ್ ಮೇಷ್ಟ್ರೇ ಹಿಂದ್ಹಿಂದೇ ಬತ್ತಿದ್ದೀರಾ? ಪಕ್ಕದಲ್ ಬನ್ನಿ. ಪಕ್ಕದಲ್ಲಿದ್ರೆ ಚೆಂದಾಗ್ ಕಾಣ್ತದೆ."

ಹೆಜ್ಜೆ ಜೋರು ಮಾಡಿ ಪಕ್ಕಕ್ಕೆ ಹೋದೆ. ಇಬ್ಬರೂ ಓಟಕ್ಕೂ ನಡಿಗೆಗೂ ನಡುವಿನ ಒಂದು ಹೆಜ್ಜೆಯಲ್ಲಿ ಸಾಗಿದೆವು. ಒಂದಷ್ಟು ದೂರ ಹೋದ ಮೇಲೆ ಅವನೇ ಶುರುಮಾಡಿದ.

"ಆವತ್ತು ಎರಡನೇ ಸುತ್ತಲ್ಲಿ ಕಾಲು ಹಿಡ್ಕಂಬುಡ್ತು. ಒಂದು ಹುಣಸೇಮರದ ಕೆಳಗೆ ಒಸಿ ಹೊತ್ತು ಕೂತೆ. ಎದ್ದಾಗ ಕಾಲು ಮುಂದಕ್ ಹೋಗ್ನಿಲ್ಲ, ವಾಪಸ್ ತಿರುಕ್ಕಂಡ್ವು. ಯಾರಾದ್ರೂ ಕೇಳ್ತಾರೆ ಅನ್ಕಂಡೆ. ಯಾರೂ ಕೇಳ್ನಿಲ್ಲ. ಮೆಡಲ್ ಹಾಕುದ್ರು, ಹಾಕಿಸ್ಕಂಡೆ. ಕಾಲು ತಿರುಗಿದ್ದು ತೆಪ್ಪಲ್ಲ ಮೇಷ್ಟ್ರೇ. ಕುತ್ಗೆ ಬಗ್ಗಿಸಿದ್ನಲ್ಲ, ಅದು ತೆಪ್ಪು."

ನನ್ನ ಅನುಮಾನ ನಿಜವಾಗಿತ್ತು. ಆದರೆ ಗೆದ್ದ ಹಾಗೆ ಅನಿಸಲಿಲ್ಲ. ದೂರು ಬರೆದವನು ನಾನೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವನೂ ಸುಮಾರು ದೂರ ಸುಮ್ಮನೆ ಓಡಿದ, ಏನನ್ನೋ ಕಾಯುತ್ತಿರುವವನ ಹಾಗೆ. ಆಗ ನನಗೆ ಬಂದದ್ದು ಮತ್ತೊಂದು ಅನುಮಾನ. ದೂರಿನ ವಿಷಯ ತಿಳಿದು, ನನ್ನ ಬಾಯಿ ಬಿಡಿಸಲು ಈ ಕಥೆ ಹೇಳುತ್ತಿದ್ದಾನೆಯೇ? "ಹೋಗ್ಲಿ ಬಿಡಣ್ಣ," ಎಂದಷ್ಟೇ ಅಂದೆ.

ಮೂರೂ ಸುತ್ತು ಜೊತೆಗೇ ಮುಗಿಸಿದೆವು. ಗೆರೆಯ ಹತ್ತಿರ ಬಂದಾಗ ಅವನು ಅಂಗಿಯ ತೋಳು ಮಡಿಸಿ, ಅಲ್ಲಿ ನಿಂತಿದ್ದವರಿಗೆ ಮೂರು ಬ್ಯಾಂಡುಗಳನ್ನೂ ಎತ್ತಿ ತೋರಿಸಿದ. ಆಮೇಲೆ ನೆಲಕ್ಕೆ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ನೇರ ಮಾಡಿಕೊಂಡು, ಚಿಕ್ಕವರ ಹಾಗೆ ನಕ್ಕ.

ಅದಾದ ಮೇಲೆ ನಾನೇ ದೂರವಾದೆ. ಪರೀಕ್ಷೆ ಕೆಲಸ, ಮೌಲ್ಯಮಾಪನ ಎಂದು ನೆಪ ಹೇಳಿದೆ. ಅವನು ಎರಡು ಸಲ ಫೋನ್ ಮಾಡಿ, "ಬಾವೀಲಿ ನೀರು ಚೆನ್ನಾಗೈತೆ, ಬನ್ನಿ," ಎಂದ. ಮೂರನೇ ಸಲ ಮಾಡಲಿಲ್ಲ. ಮಳೆಗಾಲದಲ್ಲಿ ಡೆಂಗ್ಯೂ ಅಂದರು, ಹತ್ತೇ ದಿನದಲ್ಲಿ ಹೋಗಿಬಿಟ್ಟ. ದೊಡ್ಡಮಳೂರಿಗೆ ಹೋದಾಗ ಅವನನ್ನು ಅಂಗಳದಲ್ಲಿ ಮಲಗಿಸಿದ್ದರು. ನಾನು ಕಾಲ ಹತ್ತಿರ ನಿಂತಿದ್ದೆ…

ವೈಂಡಿಂಗ್ ಅಂಗಡಿಗೆ ಹೋದ ಮರುದಿನ, ಅಂದರೆ ಹೋದ ಭಾನುವಾರ, ಮಾಗಡಿ ಕಡೆ ಮತ್ತೆ ಸ್ಪರ್ಧೆ ಇತ್ತು. ಓಡಲು ಅಲ್ಲ, ಸುಮ್ಮನೆ ನೋಡಲು ಹೋದೆ. ಫಲಿತಾಂಶ ನೋಡಿಕೊಳ್ಳುವ ಟೆಂಟಿನ ಹುಡುಗಿ ನನ್ನ ಗುರುತು ಹಿಡಿದಳು.

"ಸರ್, ನಿಮ್ ಜೊತೆ ಬರ್ತಿದ್ರಲ್ಲ, ಮೋಟರ್ ರಿಪೇರಿ ಅಂಕಲ್, ಅವ್ರು ಬರ್ಲಿಲ್ವಾ?"

ಹೇಳಿದೆ. ಅವಳು ಕೈಲಿದ್ದ ಪೆನ್ನು ಕೆಳಗಿಟ್ಟಳು.

"ಒಂದ್ಸಲ ಸುತ್ತು ತಪ್ಪಿಸ್ಬಿಟ್ಟೆ ಅಂತ ಸೋಮವಾರ ಬೆಳಗ್ಗೆನೇ ಅವ್ರೇ ಫೋನ್ ಮಾಡಿ ಹೆಸ್ರು ತೆಗೆಸಿದ್ರು ಸರ್. ಮಧ್ಯಾಹ್ನ ಅವ್ರ ಮೇಲೆ ಯಾರೋ ಒಂದು ದೂರೂ ಕಳಿಸಿದ್ರು. ಮುಂದಿನ ಸ್ಪರ್ಧೆಗೆ ನಂಬರ್ ತಗೊಳೋಕೆ ಶನಿವಾರ ಬಂದ್ರಲ್ಲ, ಆಗ ತೋರಿಸ್ದೆ. ಓದಿದ್ರು."

"ಏನಂದ್ರು?"

"ಬರ್ದವ್ರ ಕನ್ನಡ ಬಲ್ ಚೆನ್ನಾಗೈತೆ ಕಣವ್ವ, ಅಂದ್ರು."

ಅವಳ ಹಿಂದೆ ಯಾರೋ ಗೆರೆ ದಾಟಿದರು, ಜನ ಚಪ್ಪಾಳೆ ತಟ್ಟಿದರು. ಅವಳು ಸಮಯ ಬರೆದುಕೊಳ್ಳಲು ಆ ಕಡೆ ತಿರುಗಿದಳು. ನಾನು ಅಲ್ಲೇ ನಿಂತಿದ್ದೆ. ನಾವಿಬ್ಬರೂ ಪಕ್ಕಪಕ್ಕದಲ್ಲಿ ಓಡಿದ್ದು ಅವನು ದೂರು ಓದಿದ ಆ ಶನಿವಾರದ ಮರುದಿನ. ಎಲ್ಲ ತಿಳಿದೇ ಅವನು ನನ್ನನ್ನು ಪಕ್ಕಕ್ಕೆ ಕರೆದಿದ್ದ.