ಬಿಟ್ಟಿ ಪಾಠಕ್ಕೆ ದಕ್ಷಿಣೆ

ಅಮೆರಿಕದಿಂದ ಬಿಲ್ಲು ಬರಬಹುದಿತ್ತು. ಕಂಪ್ಯೂಟರಿಗೆ ವೈರಸ್ ತಗುಲಿ, ಅದರೊಳಗಿದ್ದ ನಮ್ಮ ಗೃಹಪ್ರವೇಶದ ಫೋಟೋಗಳೆಲ್ಲ ಮಾಯವಾಗಬಹುದಿತ್ತು. ಪಾಠ ನೋಡುತ್ತೇನೆಂದು ಕೂತ ಮಗಳು ಚಾಟ್ ಮಾಡುತ್ತ ಯಾವನನ್ನೋ ಪರಿಚಯ ಮಾಡಿಕೊಳ್ಳಬಹುದಿತ್ತು. ಹದಿನೇಳು ಎಂದು ಹೇಳಿಕೊಂಡ ಅವನಿಗೆ ನಲವತ್ತಾಗಿರಬಹುದಿತ್ತು. ಅವಳಿಗೆ ಕನ್ನಡಕ ಬರಬಹುದಿತ್ತು, ಬೆನ್ನು ಬಾಗಬಹುದಿತ್ತು. ಅಲ್ಲಿಯ ಸಿಲಬಸ್ಸೇ ಬೇರೆಯಾಗಿ, ಪ್ರಶ್ನೆಪತ್ರಿಕೆ ನೋಡಿದವಳೇ ತಲೆಸುತ್ತಿ ಬೀಳಬಹುದಿತ್ತು. ಬಿಟ್ಟುಬಂದ ಟ್ಯೂಷನ್ ಮೇಷ್ಟರ ಶಾಪ ತಟ್ಟಬಹುದಿತ್ತು. ಕೊನೆಗೆ ಫೇಲೇ ಆಗಬಹುದಿತ್ತು. ಇದೊಂದನ್ನು ಮಾತ್ರ ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಎಲ್ಲಿ ಆಗಿಬಿಡುತ್ತದೋ ಎಂದು.

ಚಿಂತೆ ನನಗೆ ನೌಕರಿಯೂ ಹೌದು. ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿ, ಊರಿನವರಿಗೆಲ್ಲ ಏನೇನು ಆಗಬಹುದು ಎಂಬ ಫೈಲುಗಳನ್ನೇ ದಿನವಿಡೀ ತಿರುವಿಹಾಕುತ್ತಿದ್ದೆ. ಮದರಾಸಿನ ಪಲ್ಲಾವರಂನ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತಿದ್ದೆ. ನನ್ನ ಗಂಡ ರೈಲ್ವೆಯವರು. ಗಾಡಿ ಹಳಿ ತಪ್ಪಿದಾಗ ನೋಡಿಕೊಂಡರಾಯಿತು ಎನ್ನುವ ಜಾತಿ.

ಮಗಳು ಆಗ ಪ್ಲಸ್ ಟೂನಲ್ಲಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸಿನಲ್ಲಿ ಫೇಲಾದಳು. ಟ್ಯೂಷನ್ ಎಂದರೆ ಯಾರದೋ ಮನೆಯ ತಾರಸಿ ಮೇಲೆ ತೆಂಗಿನಗರಿ ಹೊದಿಸಿದ ಕೀತು ಗುಡಿಸಲು; ಬೆಳಗಾಗುವ ಮೊದಲೇ ಅಲ್ಲಿ ಮಕ್ಕಳನ್ನು ಬೆಂಕಿಪೊಟ್ಟಣದ ಕಡ್ಡಿಗಳಂತೆ ಜೋಡಿಸಿರುತ್ತಿದ್ದರು. ಆ ಗುಂಪಿನ ಎದುರಿಗೇ ಮೇಷ್ಟರು ನನ್ನ ಮಗಳಿಗೆ, ಪಾತ್ರೆ ತೊಳೆಯೋದಕ್ಕೆ ಫಿಸಿಕ್ಸ್ ಯಾತಕ್ಕೆ ಎಂದು ಕೇಳಿದರಂತೆ. ಅವಳು ಮನೆಗೆ ಬಂದು ಚೀಲ ಎಸೆದು, ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಎಂದು ತಮಿಳಿನಲ್ಲಿ ಘೋಷಿಸಿದಳು. ಸಿಟ್ಟು ಬಂದರೆ ಅವಳಿಗೆ ತಮಿಳೇ. ನಾವು ಕನ್ನಡದಲ್ಲಿ ಬೈಯುವುದು, ಅವಳು ತಮಿಳಿನಲ್ಲಿ ಎದುರು ಹೇಳುವುದು, ಹಾಗೆ ನಡೆದಿತ್ತು ನಮ್ಮ ಸಂಸಾರ. ಪಬ್ಲಿಕ್ ಪರೀಕ್ಷೆಗೆ ಇನ್ನು ಚಳಿಗಾಲವೊಂದೇ ಅಡ್ಡ. ಮದರಾಸಿನಲ್ಲಿ ಅದೂ ಇರುವುದಿಲ್ಲ.

ಬೇರೆ ಟ್ಯೂಷನ್ ಹುಡುಕುತ್ತ ನಾನು ಅಲೆಯುತ್ತಿದ್ದಾಗ ಅವಳು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಳು. ಒಂದು ಸಂಜೆ ಅಡುಗೆಮನೆಯಿಂದ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಕೂರಿಸಿದಳು. ಅಮೆರಿಕದ ಯಾವುದೋ ದೊಡ್ಡ ವಿಶ್ವವಿದ್ಯಾಲಯದ ಪಾಠ. ಬೋಳುತಲೆಯ ಪ್ರೊಫೆಸರೊಬ್ಬರು, ಪ್ಯಾಂಟಿನ ತುಂಬ ಚಾಕ್‌ಪುಡಿ ಮಾಡಿಕೊಂಡು ವಿದ್ಯುತ್ತಿನ ಬಗ್ಗೆ ಹೇಳುತ್ತಿದ್ದರು.

"ಎಷ್ಟು ಕಟ್ಟಬೇಕಂತೆ?" ಎಂದೆ.

"ಫ್ರೀ ಮಾ."

"ಮೊದಲನೇ ಪಾಠ ಫ್ರೀ ಇರತ್ತೆ. ಆಮೇಲೆ?"

"ಎಲ್ಲಾಮೇ ಫ್ರೀ ಮಾ. ನಿಜಮಾ."

ನಾನು ನಂಬದೆ ಆ ಪುಟವನ್ನು ಮೇಲಿಂದ ಕೆಳತನಕ, ಪಾಲಿಸಿಯ ಷರತ್ತು ಓದುವ ಹಾಗೆ ಓದಿದೆ. ಸಣ್ಣಕ್ಷರದಲ್ಲಿ ಎಲ್ಲಾದರೂ ದರ ಇದ್ದೇ ಇರಬೇಕು. ಇರಲಿಲ್ಲ. ಯಾವ ದೇಶದವರೇ ಆಗಲಿ, ಓದಿಕೊಳ್ಳಬಹುದು ಎಂದಿತ್ತು. ಫಿಸಿಕ್ಸ್ ಒಂದೇ ಅಲ್ಲ, ಗಣಿತ, ರಸಾಯನಶಾಸ್ತ್ರ, ಹೃದಯದ ಚಿತ್ರಗಳು, ಯಾವುದೋ ಕಾಲದ ಚರಿತ್ರೆ, ಹಿಟ್ಟು ಹುಳಿಯಾಗುವುದು ಏಕೆ ಎಂಬುದರ ಮೇಲೂ ಒಂದು ಪಾಠ! ಮೂವತ್ತು ವರ್ಷ ದೋಸೆ ಹುಯ್ದವಳಿಗೆ ಅದು ಯಾಕೆ ಹುಳಿಯಾಗುತ್ತದೆಂದೇ ಗೊತ್ತಿರಲಿಲ್ಲ. ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಬೀಗ ಹಾಕದ ಒಡವೆ ಅಂಗಡಿಗೆ ನುಗ್ಗಿದ ಹಾಗೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿಯೂ ನೋಡಿದೆ.

ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ಪ್ರೊಫೆಸರು ಬೋರ್ಡಿನ ಮೇಲೆ ಲೆಕ್ಕ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅದು ತಪ್ಪು ಎಂದಳು. ಈಗ ಅವಳನ್ನು ಹೊರಗೆ ಕಳಿಸುತ್ತಾರೆ ಎಂದು ಕಾದೆ. ಅವರು ಹಿಂದೆ ಸರಿದು ಬೋರ್ಡು ನೋಡಿದರು, ನಕ್ಕರು, ಅಳಿಸಿದರು, ಅವಳಿಗೆ ಥ್ಯಾಂಕ್ಸ್ ಹೇಳಿದರು. ಹೇಳಿದ್ದು ಹಾಗಿರಲಿ, ಅದನ್ನು ಕತ್ತರಿಸಿ ತೆಗೆಯದೆ ಇಡೀ ಲೋಕಕ್ಕೆ ತೋರಿಸಿದ್ದರಲ್ಲ! ಮಗಳು ಆ ತುಣುಕನ್ನೇ ಹಿಂದೆ ಮಾಡಿ ಮಾಡಿ ನೋಡಿದಳು. ಅವಳ ಮುಖ ನೋಡಿ ನಾನು ಬೇರೆ ಟ್ಯೂಷನ್ ಹುಡುಕುವುದನ್ನು ಬಿಟ್ಟೆ. ಚಿಂತಿಸುವುದನ್ನು ಬಿಡಲಿಲ್ಲ.

ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ನಸುಕಿನ ಹೊತ್ತು ಎಷ್ಟು ಇಳಿಸಿಕೊಂಡರೂ ಲೆಕ್ಕವಿರಲಿಲ್ಲ. ಮಗಳು ಅಲಾರಂ ಇಟ್ಟು ಎದ್ದು, ಪಾಠ ಇಳಿಯಲು ಹಚ್ಚಿ ಮತ್ತೆ ಮಲಗುವಳು. ಸಂಜೆ ಕೂತು ನೋಡುವಳು. ನಮ್ಮ ಮನೆಯ ಮೇಲೆ ವಿಮಾನ ಹಾದಾಗ ಏನೂ ಕೇಳುತ್ತಿರಲಿಲ್ಲ. ಆಗ ನಿಲ್ಲಿಸಿದರೆ ಪ್ರೊಫೆಸರು ಬಾಯಿ ತೆರೆದುಕೊಂಡೇ ಕಾಯುವರು. ವಿಮಾನ ಮೀನಂಬಾಕ್ಕಂನಲ್ಲಿ ಇಳಿದ ಮೇಲೆ ಬಾಯಿ ಮುಚ್ಚುವರು. ತಿಂಗಳೊಪ್ಪತ್ತಿನಲ್ಲಿ ಅವರು ನಮ್ಮ ಮನೆಯವರೇ ಆಗಿಬಿಟ್ಟರು. ಊಟಕ್ಕೆ ಏಳಿ ಎನ್ನುವುದೊಂದು ಬಾಕಿ.

ಅಲ್ಲಿಂದಲೇ ನನ್ನ ಹೊಸ ಚಿಂತೆ ಶುರುವಾಯಿತು. ನಮ್ಮಲ್ಲಿ ಪಕ್ಕದ ಮನೆಯ ಬಟ್ಟಲನ್ನೂ ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕೊಡುವುದು. ಸಂಗೀತದ ಮೇಷ್ಟರಿಗೆ ವರ್ಷಕ್ಕೊಮ್ಮೆ ಪಂಚೆ ತಾಂಬೂಲ ಕೊಡದೆ ನಾನು ಸರಿಗಮವನ್ನೂ ಕಲಿತವಳಲ್ಲ. ದಕ್ಷಿಣೆ ಕೊಡದ ವಿದ್ಯೆ ದಕ್ಕುವುದಿಲ್ಲ. ಕಚೇರಿಯ ಕಾನೂನೂ ಅದನ್ನೇ ಹೇಳುತ್ತದೆ: ಪ್ರೀಮಿಯಂ ಕಟ್ಟದ ಪಾಲಿಸಿ ಚಾಲ್ತಿಯಲ್ಲಿರುವುದಿಲ್ಲ. ನನ್ನ ಮಗಳು ಇಷ್ಟು ಓದಿ, ಕೊಡಬೇಕಾದ್ದನ್ನು ಕೊಡದ ಒಂದೇ ಕಾರಣಕ್ಕೆ ಪರೀಕ್ಷೆಯಲ್ಲಿ ಎಲ್ಲ ಮರೆತು ಕೂತರೆ?

ಗಂಡನಿಗೆ ಹೇಳಿದೆ.

"ಅವರೇನು ಕೇಳಿದ್ರಾ ನಿನ್ನ?"

"ಕೇಳದೆ ಇರೋರಿಗೇರೀ ಕೊಡಬೇಕಾದ್ದು."

"ಹಂಗಾದ್ರೆ ನಂಗೂ ಏನಾದ್ರೂ ಕೊಡೇ. ಇಪ್ಪತ್ತು ವರ್ಷದಿಂದ ಏನೂ ಕೇಳಿಲ್ಲ."

ನಾನು ಟಿ. ನಗರಕ್ಕೆ ಹೋಗಿ ಜರಿಯಂಚಿನ ಪಂಚೆ ಶಲ್ಯ ತಂದೆ. ವೀಳ್ಯದೆಲೆ ದಾರಿಯಲ್ಲಿ ಕೊಳೆಯುತ್ತದೆ, ತೆಂಗಿನಕಾಯಿಗೆ ಅಂಚೆಯವರು ಒಪ್ಪುವುದಿಲ್ಲ. ಹಾಗಾಗಿ ಅರಿಸಿನದ ಕೊಂಬು, ಗೋಟಡಿಕೆ, ಕಲ್ಲುಸಕ್ಕರೆ ಒಂದೇ ಪೊಟ್ಟಣದಲ್ಲಿ ಕಟ್ಟಿದೆ. ಮಗಳು ಮಾನ ಹೋಗುತ್ತದೆ ಎಂದು ತಮಿಳಿನಲ್ಲಿ ಕೂಗಾಡಿದಳು. ಕೊನೆಗೆ, ಅಮ್ಮ ಹೇಗೂ ಕಳಿಸುತ್ತಾಳೆ ಎಂದು ಗೊತ್ತಾದ ಮೇಲೆ, ತನಗೆ ಅರ್ಥವಾಗದ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದು ಜೊತೆಗಿಟ್ಟಳು. ವಿಳಾಸ ಅವರ ಪುಟದಲ್ಲೇ ಇತ್ತು. ವಿಮಾನದ ಅಂಚೆಯ ದರ ಕೇಳಿ ನಾನು ಹಡಗಿಗೆ ಇಳಿದೆ.

ಹಡಗಾದರೆ ತಿಂಗಳುಗಟ್ಟಲೆ ಎಂದು ಕೌಂಟರಿನಾಕೆ ಹೇಳಿದಾಗ ಬೆಚ್ಚಿಬಿದ್ದೆ. ಪರೀಕ್ಷೆ ಅದಕ್ಕೆ ಮೊದಲೇ ಮುಗಿದಿರುತ್ತದೆ! ನಮ್ಮ ಕಚೇರಿಯಲ್ಲಿ ಹಣ ಬಂದು ಸೇರಿದ ದಿನದಿಂದಲೇ ರಕ್ಷಣೆ; ದಾರಿಯಲ್ಲಿರುವಾಗ ಏನಾದರೂ ಆದರೆ ನಾವು ಹೊಣೆಯಲ್ಲ. ಮನೆಗೆ ಬಂದು ಗಂಡನ ಮುಂದೆ ಗೋಳಾಡಿದೆ. ರೈಲ್ವೆಯಲ್ಲಿ ಬುಕ್ ಮಾಡಿದ ದಿನವೇ ಲೆಕ್ಕ, ನಿನ್ನ ದೇವರು ರೈಲ್ವೆಯವನೇ ಇರಬೇಕು ಎಂದರು. ಆ ಸಮಾಧಾನದಲ್ಲೇ ಮಾರ್ಚಿ ಕಳೆಯಿತು. ಫಿಸಿಕ್ಸ್ ಪರೀಕ್ಷೆ ಮುಗಿಸಿ ಬಂದ ಮಗಳು "ಓಕೆ ಮಾ" ಎಂದಳು. ಆ ಓಕೆಯನ್ನು ನಾನು ಎರಡು ತಿಂಗಳು ತಿರುಗಿಸಿ ಮುರುಗಿಸಿ ನೋಡಿದೆ.

ಫಲಿತಾಂಶವೂ ಇಂಟರ್ನೆಟ್ಟಿನಲ್ಲೇ ಬಂತು. ನಾನು ಪರದೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ನಿಂತಿದ್ದೆ. ಹಿಂದೆ ಸದ್ದೇ ಇಲ್ಲ. ಮುಗಿಯಿತು ಎಂದುಕೊಂಡೆ. ತಿರುಗಿದರೆ, ಗಂಡ ಬೆರಳಿನಿಂದ ಪರದೆಯನ್ನು ಒರೆಸಿ ಒರೆಸಿ ಓದುತ್ತಿದ್ದರು, ಅಂಕದ ಮೇಲೆ ಧೂಳು ಕೂತು ಒಂದು ಸೊನ್ನೆ ಜಾಸ್ತಿ ಕಾಣುತ್ತಿದೆಯೇನೋ ಎಂಬ ಹಾಗೆ. ಎಲ್ಲದರಲ್ಲೂ ಪಾಸು. ಫಿಸಿಕ್ಸಿನಲ್ಲೇ ಎಲ್ಲಕ್ಕಿಂತ ಹೆಚ್ಚು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ನೋಡಿದ್ಯಾ? ದಕ್ಷಿಣೆ ಮುಟ್ಟಿದೆ," ಎಂದೆ.

ಮಗಳು ನನ್ನನ್ನೇ ನೋಡಿದಳು. ನಂತರ, ಅಪರೂಪಕ್ಕೆ, ಒಂದು ತಮಿಳು ಪದವೂ ಇಲ್ಲದ ಕನ್ನಡದಲ್ಲಿ ಹೇಳಿದಳು: "ಓದಿದ್ದು ನಾನು ಅಮ್ಮಾ. ಪಂಚೆ ಅಲ್ಲ."

ಉತ್ತರ ಹೇಳಲು ಬಾಯಿ ತೆರೆದವಳು, ವಿಮಾನ ಹೋಗುತ್ತಿಲ್ಲವಾದರೂ, ತೆರೆದುಕೊಂಡೇ ಇದ್ದೆ. ತಪ್ಪು ಎಂದವರಿಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡತನ ನನಗಿರಲಿಲ್ಲ. ಎದ್ದು ಹೋಗಿ ಅವಳಿಗೆ ಪಾಯಸಕ್ಕಿಟ್ಟೆ.

ಪ್ರೊಫೆಸರ ಕಾಗದ ಬಂದದ್ದು ಅದೇ ವಾರ. ಕೈಬರಹ. ಮೊದಲ ಎರಡು ಪುಟ ಮಗಳ ಪ್ರಶ್ನೆಗೆ ಉತ್ತರ, ಚಿತ್ರಗಳ ಸಮೇತ. ಆ ಪ್ರಶ್ನೆ ಒಳ್ಳೆಯದು, ತಾನು ಪಾಠದಲ್ಲಿ ಅದನ್ನು ಸರಿಯಾಗಿ ಬಿಡಿಸಿ ಹೇಳಿರಲಿಲ್ಲ ಎಂದೂ ಬರೆದಿದ್ದರು. ಮಗಳು ಅಷ್ಟನ್ನು ಗಟ್ಟಿಯಾಗಿ ಓದಿ, ಕೊನೆಯ ಪ್ಯಾರಾ ನಿನಗಂತೆ ಎಂದಳು. ಬಟ್ಟೆ ಬಹಳ ಚೆನ್ನಾಗಿದೆ, ತಮ್ಮ ಹೆಂಡತಿ ಅದನ್ನು ಹೊದ್ದು ಕೂರುತ್ತಾರೆ. ಪಾಠಗಳು ಎಂದಿಗೂ ಉಚಿತ, ದಯವಿಟ್ಟು ಇನ್ನೇನೂ ಕಳಿಸಬಾರದು. ಅಷ್ಟು ಓದಿದವಳು ನಿಲ್ಲಿಸಿ, ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡು, ಕಾಗದವನ್ನು ಅಪ್ಪನ ಕೈಗೆ ಕೊಟ್ಟಳು. ಅವರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಕಿತ್ತುಕೊಂಡೆ.

ಕಲ್ಲುಸಕ್ಕರೆಯ ಜೊತೆಗಿದ್ದ ಕಂದು ಬಣ್ಣದ ಕಾಯಿಯೂ ಮಿಠಾಯಿಯೇ ಇರಬೇಕೆಂದು ಪ್ರೊಫೆಸರು ಒಂದನ್ನು ಬಾಯಿಗೆ ಹಾಕಿಕೊಂಡು ಕಡಿದಿದ್ದರು. ಎಡಗಡೆಯ ದವಡೆ ಹಲ್ಲಿನ ಒಂದು ಮೂಲೆ ಮುರಿದಿತ್ತು.